ಆವಿಗೆ ಬಾಯಿ ತೆರೆಯುವ ತನಕ

ಮಾರ್ಚ್ ಕೊನೆಯ ವಾರ, ಬೆಳಗೋಡು ಹೋಬಳಿಯ ಒಂದು ಕಾಫಿ ತೋಟ. ಮೊಗ್ಗು ಕಟ್ಟಿ ನಿಂತ ಗಿಡಗಳಿಗೆ ಹೂಮಳೆ ಬೇಕು. ಸುತ್ತಲಿನ ತೋಟದವರೆಲ್ಲ ಮುಗಿಲು ನೋಡುತ್ತಿದ್ದಾರೆ. ಕಣದ ಮೂಲೆಯಲ್ಲಿ ಕೂತ ಇಬ್ಬರು ಮಾತ್ರ ಇವತ್ತೊಂದು ರಾತ್ರಿ ಮಳೆ ಬಾರದಿರಲಿ ಎಂದುಕೊಳ್ಳುತ್ತಿದ್ದಾರೆ. ಅವರ ಎದುರಿಗೆ ಎದೆಯೆತ್ತರದ ಇಟ್ಟಿಗೆಯ ಆವಿಗೆ ಉರಿಯುತ್ತಿದೆ. ಮೂರು ದಿನದ ಕುಂಬಾರಿಕೆ ಶಿಬಿರಕ್ಕೆ ಬಂದವರು ಉಂಡು ಮಲಗಿಯಾಯಿತು. ಎದ್ದಿರುವವರಲ್ಲಿ ಒಬ್ಬರು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರು. ಆಲೂರು ಕಡೆಯ ಕುಂಬಾರ ಮನೆತನದವರು, ಉರಿ ನೋಡಿಕೊಳ್ಳಲೆಂದು ಬಂದವರು. ಇನ್ನೊಬ್ಬಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹಾಸನದ ಹುಡುಗಿ. ಇಬ್ಬರ ಮಾತಿನಲ್ಲೂ ನನಗೆ ನಿಜ ಕಂಡಿದೆ. ಅದಕ್ಕೇ ಯಾರದನ್ನೂ ಕತ್ತರಿಸದೆ ಬರೆಯುತ್ತಿದ್ದೇನೆ.

ಮೇಷ್ಟ್ರು: ನೀನೂ ಮಲಗಬಹುದಿತ್ತು ಕಣಮ್ಮ. ಇನ್ನು ಬೆಳಗಿನ ಜಾವದ ತನಕ ಸೌದೆ ಹಾಕೋದೊಂದೇ ಕೆಲಸ.

ಹುಡುಗಿ: ಮಲಗೋಕೆ ಬೆಂಗಳೂರಿಂದ ಬರಬೇಕಿತ್ತಾ ಮೇಷ್ಟ್ರೇ? ಹೋದ ತಿಂಗಳ ಶಿಬಿರದಲ್ಲಿ ನಾನು ತಿಗರಿ ಮೇಲೆ ಆರು ಬಟ್ಟಲು ಎತ್ತಿದೆ. ಮೂರನೇ ದಿನ ಹೊರಡುವಾಗ ಎಲ್ಲವೂ ಹಸಿ. ಒಣಗಿದ ಮೇಲೆ ಸುಟ್ಟು ಕೊರಿಯರ್ ಮಾಡ್ತೀವಿ ಅಂದರು. ಬಸ್ಸಲ್ಲಿ ಕೂತಾಗ ಅನ್ನಿಸಿತು, ನಾನು ಕಲಿತದ್ದು ಅರ್ಧ ಕಸುಬು. ಫೋನ್ ಮಾಡಿ ಕಳಿಸಬೇಡಿ, ಸುಡೋ ದಿನ ನಾನೇ ಬರ್ತೀನಿ ಅಂದೆ.

ಮೇಷ್ಟ್ರು: ಅರ್ಧ ಅಲ್ಲ, ಕಾಲು. ಮಣ್ಣು ತಂದವರು ಯಾರು, ಹದ ಮಾಡಿದವರು ಯಾರು? ನಿನ್ನ ಕೈಗೆ ಬರುವಾಗ ಅದು ಪ್ಲಾಸ್ಟಿಕ್ ಚೀಲದಲ್ಲಿ ಚಪಾತಿ ಹಿಟ್ಟಿನ ಹಾಗಿತ್ತು. ನಮ್ಮ ಮನೆಯಲ್ಲಿ ಸುಗ್ಗಿ ಮುಗಿದು ಗದ್ದೆ ಒಣಗಿದ ಮೇಲೆ ಮಣ್ಣು ತೆಗೆಯೋರು. ಮೇಲಿನದನ್ನು ಸರಿಸಿ ಅಡಿಯ ಜೇಡಿ. ತಂದು ಒಣಗಿಸಿ, ಕುಟ್ಟಿ, ಕಲ್ಲು ಬೇರು ಆರಿಸಿ, ಗುಂಡಿಯಲ್ಲಿ ನೆನೆಹಾಕಿ ಆಮೇಲೆ ತುಳಿಯೋದು. ಹಿಮ್ಮಡಿಗೆ ಒಂದು ಹರಳೂ ಸಿಗದ ತನಕ ತುಳಿಯೋದು. ತಿಗರಿಯ ಮಾತು ಅದಾದ ಮೇಲೆ.

ಹುಡುಗಿ: ಮೂರು ದಿನದಲ್ಲಿ ಅದೆಲ್ಲ ಆಗಲ್ಲ ಅಂತ ನನಗೂ ಗೊತ್ತು. ಆದರೆ ಒಳಗೆ ಬರೋಕೆ ಒಂದು ಬಾಗಿಲು ಬೇಡವಾ? ಮೊದಲ ದಿನವೆಲ್ಲ ಮಣ್ಣಿನ ಮುದ್ದೆ ನನ್ನ ಕೈಯನ್ನೇ ಆಚೆ ತಳ್ಳುತ್ತಿತ್ತು. ಎರಡನೇ ದಿನ ಮಧ್ಯಾಹ್ನ ಇದ್ದಕ್ಕಿದ್ದಂತೆ ನಡುವಿಗೆ ಬಂದು ಸುಮ್ಮನಾಯಿತು. ತಿಗರಿ ತಿರುಗ್ತಾ ಇದೆ, ಕೈಯಲ್ಲಿ ಮಣ್ಣು ನಿಂತಿದೆ! ಆ ಗಳಿಗೆಯಲ್ಲಿ ಗೊತ್ತಾದದ್ದನ್ನು ಯಾವ ವಿಡಿಯೋದಲ್ಲೂ ನಾನು ನೋಡಿರಲಿಲ್ಲ.

ಮೇಷ್ಟ್ರು: ಅದು ನಿಜ. ಅದನ್ನು ನಾನು ಅಲ್ಲಗಳೆಯಲ್ಲ. ನನ್ನ ತಕರಾರು ಬೇರೆ. ಶಿಬಿರಕ್ಕೆ ಬಂದವರು ಯಾರೂ ಬರಿಗೈಲಿ ಹೋಗಲ್ಲ. ಬಟ್ಟಲು ಓರೆಯಾದರೆ ಕಲಿಸೋರು ಬಂದು ಎರಡು ಬೆರಳಿಟ್ಟು ನೆಟ್ಟಗೆ ಮಾಡ್ತಾರೆ. ಸುಡುವಾಗ ಒಡೆದರೆ ಅಂಥದ್ದೇ ಇನ್ನೊಂದು ಕೊಟ್ಟು ಸಮಾಧಾನ ಮಾಡ್ತಾರೆ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಆವಿಗೆಗೆ ಮಳೆ ಬಿತ್ತು. ಆಗ ಇಂಥ ಗೂಡಲ್ಲ, ನೆಲದ ಮೇಲಿನ ಆವಿಗೆ. ಸೌದೆ, ಬೆರಣಿ, ಮಡಕೆ, ಮತ್ತೆ ಸೌದೆ, ಮತ್ತೆ ಮಡಕೆ, ಮೇಲೆ ಭತ್ತದ ಹುಲ್ಲು ಹೊದಿಸಿ ಕೆಸರು ಬಳಿಯೋದು. ಎರಡು ತಿಂಗಳ ಕೆಲಸ ಅದರೊಳಗಿತ್ತು. ಮಡಕೆ ಕೆಂಡದ ಹಾಗೆ ಕಾದಿರುವಾಗ ಆಲಿಕಲ್ಲು ಮಳೆ. ಒಳಗೆ ಪಟಪಟ ಅಂತ ಒಡೆಯೋ ಸದ್ದು ಅರ್ಧ ಗಂಟೆ ಕೇಳಿಸಿತು. ಆ ವರ್ಷ ಮಳೆಗಾಲಕ್ಕೆ ಭತ್ತ ಸಾಲ ತಂದೆವು. ಬೆಂಕಿ ಹಾಕೋ ಮುಂಚೆ ಅಪ್ಪ ಯಾಕೆ ಅಷ್ಟು ಸಲ ಮುಗಿಲು ನೋಡ್ತಿದ್ದರು ಅಂತ ನನಗೆ ಅವತ್ತು ಗೊತ್ತಾಯಿತು. ಕಳೆದುಕೊಳ್ಳೋ ಭಯ ಇಲ್ಲದ ಕೈಗೆ ಉರಿ ತಿಳಿಯಲ್ಲ ಕಣಮ್ಮ.

ಹುಡುಗಿ: ಆ ಭಯ ನಿಮಗೆ ಕಲಿಸಿತಾ, ಓಡಿಸಿತಾ ಮೇಷ್ಟ್ರೇ?

ಮೇಷ್ಟ್ರು ಎದ್ದು ಎರಡು ಸೀಳು ಸಿಲ್ವರ್ ಓಕ್ ಸೌದೆ ಒಲೆಬಾಯಿಗೆ ತಳ್ಳಿ ಬಂದು ಕೂತರು.

ಮೇಷ್ಟ್ರು: ಓಡಿಸಿತು. ಟಿಸಿಎಚ್ ಮಾಡಿ ಮೇಷ್ಟ್ರಾದೆ. ನೀನಾದರೂ ನೆರಳಲ್ಲಿ ಕೂತು ಉಣ್ಣು ಅಂತ ಅಪ್ಪನೇ ಕಳಿಸಿದರು. ತಮ್ಮ ಉಳಿದುಕೊಂಡ.

ಹುಡುಗಿ: ಮತ್ತೆ? ಭಯದಲ್ಲಿ ಕಲಿತವರು ಬಿಟ್ಟು ಹೋದರು. ಭಯವಿಲ್ಲದೆ ಕಲಿಯೋಕೆ ಬಂದವರದ್ದು ಕಲಿಕೆಯೇ ಅಲ್ಲ ಅಂತೀರಿ. ನೀವು ಶಾಲೆಯಲ್ಲಿ ಲೆಕ್ಕ ಕಲಿಸುವಾಗ ತಪ್ಪು ಮಾಡಿದ ಮಗುವಿಗೆ ಊಟ ಇಲ್ಲ ಅಂದಿದ್ರಾ?

ಮೇಷ್ಟ್ರು: ಅನ್ನಲಿಲ್ಲ. ಆದರೆ ತಪ್ಪು ಉತ್ತರವನ್ನು ನಾನೇ ಅಳಿಸಿ ತಿದ್ದಿ ಸರಿ ಅಂತ ಗುರುತೂ ಹಾಕಲಿಲ್ಲ.

ಹುಡುಗಿ: ಅದು ಒಪ್ಪಿದೆ. ನನ್ನ ಬಟ್ಟಲನ್ನು ಯಾರೂ ತಿದ್ದಬೇಡಿ ಅಂತ ನಾನೂ ಹೇಳಬೇಕಿತ್ತು.

ಮೇಷ್ಟ್ರು: ಭಯವೊಂದೇ ಅಲ್ಲ ಬಿಡು. ಸ್ಟೀಲು, ಅಲ್ಯೂಮಿನಿಯಂ, ಪ್ಲಾಸ್ಟಿಕ್ಕು ಬಂದು ಮಡಕೆ ಹೋಯಿತು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮನೆಗೆ ಮೊದಲ ಪೆಟ್ಟು ಬಿದ್ದದ್ದು ಹೆಂಚಿನಲ್ಲಿ, ಅಜ್ಜನ ಕಾಲಕ್ಕೇ. ನಾಡಹೆಂಚು ನೋಡಿದ್ದೀಯಲ್ಲ, ಅರ್ಧ ಕೊಳವೆಯ ಹಾಗೆ? ತಿಗರಿ ಮೇಲೆ ಒಂದು ತುದಿ ಅಗಲ, ಒಂದು ತುದಿ ಕಿರಿದು ಬರೋ ಹಾಗೆ ಕೊಳವೆ ಎತ್ತಿ, ಅರೆ ಒಣಗಿದಾಗ ಉದ್ದಕ್ಕೆ ಎರಡು ಸೀಳು ಮಾಡೋದು. ಈ ಮಳೆ ಸೀಮೆಯಲ್ಲಿ ಪ್ರತಿ ವರ್ಷ ಮಾಡು ಕೈಯಾಡಿಸಲೇಬೇಕು, ಒಡೆದದ್ದಕ್ಕೆ ಹೊಸದು ಬೇಕೇ ಬೇಕು. ಮಡಕೆಗಿಂತ ಗಟ್ಟಿ ವರಮಾನ ಅದು. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ. ಒಂದಕ್ಕೊಂದು ಕಚ್ಚಿಕೊಂಡು ಕೂರೋ ಚಪ್ಪಟೆ ಹೆಂಚು. ಗಾಳಿಗೆ ಸರಿಯಲ್ಲ, ಮಾಡಿಗೆ ಭಾರವೂ ಕಡಿಮೆ. ಅದು ಘಾಟಿ ಹತ್ತಿ ಬಂದ ಮೇಲೆ ಅಜ್ಜನ ಕೊಳವೆ ಕೇಳೋರಿಲ್ಲ. ಒಳ್ಳೆ ಹೆಂಚೇ ಅದು. ನಾನು ಮನೆ ಕಟ್ಟಿದಾಗ ನನ್ನ ಮಾಡಿಗೂ ಅದನ್ನೇ ಹಾಕಿದೆ.

ಹುಡುಗಿ: ಇಲ್ಲಿ ಆರುನೂರ ನಲವತ್ತು ಡಿಗ್ರಿ ತೋರಿಸ್ತಾ ಇದೆ ಮೇಷ್ಟ್ರೇ.

ಮೇಷ್ಟ್ರು: ಮೀಟರು ಬಿಡು, ಈ ಕಿಂಡಿಯಲ್ಲಿ ನೋಡು. ಹತ್ತಿರ ಮುಖ ಕೊಡಬೇಡ. ಏನು ಬಣ್ಣ?

ಹುಡುಗಿ: ಕಪ್ಪು... ಇಲ್ಲ, ಕತ್ತಲೊಳಗೆ ಏನೋ ಮಂದಗೆಂಪು.

ಮೇಷ್ಟ್ರು: ಅಲ್ಲಿಂದ ದಾಸವಾಳದ ಕೆಂಪಿಗೆ ಬರಬೇಕು. ಆಮೇಲೆ ಕಿತ್ತಳೆ ಹಣ್ಣಿನ ಬಣ್ಣ. ನಮ್ಮ ಮಣ್ಣಿಗೆ ಅಷ್ಟು ಸಾಕು, ನಿನ್ನ ಮೀಟರಿನ ಲೆಕ್ಕದಲ್ಲಿ ಒಂಬೈನೂರರ ಆಸುಪಾಸು. ಬೆಳಗ್ಗಿನಿಂದ ಸಂಜೆ ತನಕ ಬರೀ ಪುರಲೆ ಹಾಕಿ ಹೊಗೆಯಾಡಿಸಿದೆನಲ್ಲ, ನಿಮ್ಮವರೊಬ್ಬರು ಇನ್ನೂ ಬೆಂಕಿಯೇ ಹತ್ತಿಲ್ವಾ ಅಂದರು. ನೋಡೋಕೆ ಒಣಗಿದ ಮಡಕೆಯಲ್ಲೂ ನೀರು ಅಡಗಿರುತ್ತೆ. ಬೇಗ ಬಿಸಿ ಮಾಡಿದರೆ ಅದು ಆವಿಯಾಗಿ ಗೋಡೆ ಸಿಡಿಸಿಕೊಂಡೇ ಆಚೆ ಬರೋದು. ಅಪ್ಪ ತಣ್ಣಗಿರೋ ಕತ್ತಿಯನ್ನು ಹೊಗೆಗಂಡಿಯ ಮೇಲೆ ಒಂದು ಕ್ಷಣ ಹಿಡಿದು ನೋಡ್ತಿದ್ದರು. ಅಲಗು ಮಂಜಾದರೆ ಇನ್ನೂ ಸಣ್ಣ ಉರಿ. ಒಣಗಿದ್ದರೆ ಸೌದೆ.

ಹುಡುಗಿ: ಅದು ಮೊದಲ ನೀರು, ನೂರು ಡಿಗ್ರಿ ಸುತ್ತ ಹೋಗೋದು. ಎರಡನೇ ನೀರು ಒಂದಿದೆ. ಮಣ್ಣಿನ ಕಣದೊಳಗೇ ಬೆರೆತಿರೋದು. ನಾನೂರೈವತ್ತರಿಂದ ಆರುನೂರರೊಳಗೆ ಅದೂ ಹೋಗುತ್ತೆ. ಅದು ಹೋದ ಮೇಲೆ ಮಡಕೆಯನ್ನು ಎಷ್ಟು ನೆನೆಸಿದರೂ ಮತ್ತೆ ಕೆಸರಾಗಲ್ಲ. ಈ ಒಂದು ಗಂಟೆಯಲ್ಲಿ ನಮ್ಮ ಕಣ್ಣೆದುರೇ ಅದು ಆಗಿಹೋಯಿತು! ಮಧ್ಯೆ 573 ಡಿಗ್ರಿಗೆ ಮಣ್ಣಿನೊಳಗಿನ ಬೆಣಚು ಒಮ್ಮೆಲೇ ಹಿಗ್ಗುತ್ತೆ. ಆರುವಾಗ ಅದೇ ಜಾಗದಲ್ಲಿ ಒಮ್ಮೆಲೇ ಕುಗ್ಗುತ್ತೆ. ಬಾಗಿಲು ಬೇಗ ತೆಗೆದರೆ ಬಿರುಕು ಬಿಡೋದು ಅದಕ್ಕೇ.

ಮೇಷ್ಟ್ರು: ಹೌದಾ? ನಾವು ಆವಿಗೆ ಆರೋಕೆ ಒಂದು ಹಗಲು ಒಂದು ರಾತ್ರಿ ಬಿಡ್ತಿದ್ದೆವು. ಯಾಕೆ ಅಂತ ಕೇಳಿದರೆ ಅಪ್ಪ, ಕಣ್ಣು ಬಿಡದ ಕೂಸನ್ನು ಯಾರಾದರೂ ಎತ್ತಿ ಆಚೆ ತರ್ತಾರಾ ಅನ್ನೋರು. ಬೆಣಚು ಅಂತ ನೀನು ಹೇಳಿದ್ದು ಈ ವಯಸ್ಸಿಗೆ ಕಿವಿಗೆ ಬಿತ್ತು. ಬರೆದುಕೊಡು ನಾಳೆ.

ಹುಡುಗಿ: ಬರೆದುಕೊಡ್ತೀನಿ. ನೀವು ಆ ಬಣ್ಣಗಳನ್ನು ಹೇಳಿಕೊಡಿ. ನೋಡಿ ಮೇಷ್ಟ್ರೇ, ಕುಲದಲ್ಲಿ ಹುಟ್ಟದವರೂ ಇದನ್ನು ಆಳವಾಗಿ ಕಲಿಯಬಹುದು ಅನ್ನೋಕೆ ನನಗೆ ಆಧಾರ ಇದೆ. ಪಾಂಡಿಚೇರಿಯಲ್ಲಿ ಗೋಲ್ಡನ್ ಬ್ರಿಡ್ಜ್ ಪಾಟರಿ ಅಂತ, 1971ರಲ್ಲಿ ಅಮೆರಿಕದಿಂದ ಬಂದ ಡೆಬೊರಾ ಸ್ಮಿತ್, ರೇ ಮೀಕರ್ ಸೇರಿ ಕಟ್ಟಿದ್ದು. ಇವತ್ತು ದೇಶದಲ್ಲಿ ಹೆಸರು ಮಾಡಿರೋ ಎಷ್ಟೋ ಸೆರಾಮಿಕ್ ಕಲಾವಿದರು ಅಲ್ಲಿ ಕಲಿತವರು.

ಮೇಷ್ಟ್ರು: ಎಷ್ಟು ದಿನ ಕಲಿತರು?

ಹುಡುಗಿ: ತಿಂಗಳುಗಟ್ಟಲೆ. ಸರಿ, ಮೂರು ದಿನ ಅಲ್ಲ.

ಮೇಷ್ಟ್ರು: ಅದೇ ನಾನು ಹೇಳೋದು. ಕಲಿಯೋಕೆ ಕುಲ ಬೇಕಾಗಿಲ್ಲ, ಕಾಲ ಬೇಕು. ನನ್ನ ತಮ್ಮ ಖಾನಾಪುರಕ್ಕೆ ಹೋಗಿ ಬಂದ, ಬೆಳಗಾವಿ ಕಡೆ. ಖಾದಿ ಗ್ರಾಮೋದ್ಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆ ಇದೆಯಲ್ಲ, ಅಲ್ಲಿಗೆ. ಗೂಡು ಕಟ್ಟೋದು, ಗ್ಲೇಜ್ ಹಾಕೋದು ಕಲಿತು ಹುರುಪಿನಲ್ಲಿ ಬಂದ. ಬಂದ ಮೇಲೆ ನಮ್ಮ ಗದ್ದೆ ಮಣ್ಣಿನ ಜೊತೆ ಎರಡು ವರ್ಷ ಗುದ್ದಾಡಿದ. ಮಣ್ಣು ಊರಿಗೊಂದು ಥರ. ಅರಸೀಕೆರೆ ಕಡೆ ಬಯಲುಸೀಮೆ ಮಣ್ಣಲ್ಲಿ ಸುಣ್ಣದ ಹರಳು ಉಳಿದಿದ್ದರೆ, ಸುಟ್ಟು ವಾರವಾದ ಮೇಲೂ ತೇವ ಹೀರಿ ಉಬ್ಬಿ ಮಡಕೆಯ ಚಕ್ಕೆ ಎಬ್ಬಿಸುತ್ತೆ. ಇಲ್ಲಿಯ ಮಳೆ ಸುಣ್ಣವನ್ನು ಉಳಿಸಲ್ಲ. ಇಲ್ಲಿಯ ತೊಂದರೆ ಬೇರೆ, ಒಣಗೋದೇ ಇಲ್ಲ. ಯಾವ ತರಬೇತಿಯಾದರೂ ಕೈಹಿಡಿದು ಊರಬಾಗಿಲಿನ ತನಕ ತಂದು ಬಿಡುತ್ತೆ. ಒಳಗಿನ ದಾರಿ ಊರಿನ ಮಣ್ಣೇ ತೋರಿಸಬೇಕು.

ಹುಡುಗಿ: ಸ್ಟೋನ್‌ವೇರ್ ಆದರೆ ಆ ತೊಂದರೆ ಕಡಿಮೆ. ಲೆಕ್ಕ ಹಾಕಿ ಬೆರೆಸಿದ ಮಣ್ಣು, ಸಾವಿರದ ಇನ್ನೂರು ದಾಟಿಸಿ ಸುಡೋದು. ನೀರು ಹೀರಲ್ಲ, ತಟ್ಟಿದರೆ ಗಂಟೆ ಹಾಗೆ ನುಡಿಯುತ್ತೆ. ಅದು ಇದಕ್ಕಿಂತ ಮುಂದಿನ ಮೆಟ್ಟಿಲು ಅಲ್ವಾ?

ಮೇಷ್ಟ್ರು: ಮುಂದಿನದು ಅಲ್ಲ, ಪಕ್ಕದ್ದು. ನಿನ್ನ ಸ್ಟೋನ್‌ವೇರ್ ಬಟ್ಟಲಲ್ಲಿ ಕಾಫಿ ಕುಡಿ, ಚೆನ್ನಾಗಿರುತ್ತೆ. ಅದನ್ನು ಸೌದೆ ಒಲೆ ಮೇಲಿಟ್ಟು ಮೀನು ಸಾರು ಕುದಿಸು, ನೋಡೋಣ. ಬಿರುಕು ಬಿಡುತ್ತೆ. ನಮ್ಮ ಮಡಕೆಗೆ ಮರಳು ಬೆರೆಸಿ ಕಡಿಮೆ ಉರಿಯಲ್ಲಿ ಸುಟ್ಟಿರೋದರಿಂದ ಒಳಗೆ ಸಂದು ಇರುತ್ತೆ. ಬೆಂಕಿ ತಾಗಿದಾಗ ಹಿಗ್ಗೋಕೆ ಜಾಗ. ನೀರಿನ ಮಡಕೆ ಬೇಸಿಗೆಯಲ್ಲಿ ತಣ್ಣಗಿರೋದೂ ಆ ಸಂದಿನಿಂದಲೇ. ಬೆವರಿ ಬೆವರಿ ಆರುತ್ತೆ. ಕಡಿಮೆ ಉರಿ ಅಂದರೆ ಕಡಿಮೆ ಬುದ್ಧಿ ಅಂತಲ್ಲ.

ಹುಡುಗಿ: ಇದು ಶಿಬಿರದಲ್ಲಿ ಯಾರೂ ಹೇಳಲಿಲ್ಲ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನೆಯಲ್ಲಿ ಹೆಣ್ಣುಮಕ್ಕಳು ತಿಗರಿ ತಿರುಗಿಸ್ತಿದ್ರಾ?

ಮೇಷ್ಟ್ರು: ಇಲ್ಲ. ಮುಟ್ಟೋ ಹಾಗಿರಲಿಲ್ಲ.

ಹುಡುಗಿ: ಯಾಕೆ?

ಮೇಷ್ಟ್ರು: ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ. ಮಣ್ಣು ತುಳಿದವಳು ಅವ್ವ. ತಿಗರಿಯಿಂದ ಇಳಿಯೋ ಮಡಕೆಗೆ ತಳವೇ ಇರಲ್ಲ; ಬಾಯಿ, ಕಂಠ, ಒಂದಿಷ್ಟು ದಪ್ಪ ಗೋಡೆ, ಅಷ್ಟೇ. ಒಳಗೆ ಒಂದು ಉರುಟು ಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ, ಗೋಡೆ ತೆಳುವಾಗಿಸಿ, ಹೊಟ್ಟೆ ಉಬ್ಬಿಸಿ, ತಳ ಮುಚ್ಚಿ ಗುಂಡಗೆ ಮಾಡ್ತಿದ್ದವಳು ಅವ್ವ. ಮಡಕೆಯ ಮುಕ್ಕಾಲು ಅವಳದ್ದು, ಹೆಸರು ಅಪ್ಪನದ್ದು. ಹರಿಹರ ಕವಿ ಕುಂಬಾರ ಗುಂಡಯ್ಯನ ಮೇಲೆ ರಗಳೆ ಬರೆದಿದ್ದಾನೆ. ಗುಂಡಯ್ಯ ಮಡಕೆ ತಟ್ಟೋ ಸದ್ದಿಗೆ ಶಿವ ಇಳಿದು ಬಂದು ಕುಣಿದ ಅನ್ನೋ ಕಥೆ. ಆ ಕಥೆಯನ್ನು ಮಕ್ಕಳಿಗೆ ಮೂವತ್ತು ವರ್ಷ ಹೇಳಿದೆ. ಹೇಳುವಾಗೆಲ್ಲ ನನ್ನ ಕಿವಿಯಲ್ಲಿದ್ದದ್ದು ಅವ್ವ ತಟ್ಟೋ ಸದ್ದು.

ಹುಡುಗಿ: ಹಾಗಾದರೆ ಈ ಶಿಬಿರ ಏನೂ ಮಾಡಲಿಲ್ಲ ಅಂತ ಹೇಳಬೇಡಿ. ನಿಮ್ಮ ಅವ್ವನಿಗೆ ಸಿಗದ ಜಾಗದಲ್ಲಿ ನನ್ನನ್ನು ಕೂರಿಸಿತು. ನನ್ನ ಜಾತಿ ಯಾವುದು, ಮನೆ ಯಾವುದು ಅಂತ ಯಾರೂ ಕೇಳಲಿಲ್ಲ.

ಮೇಷ್ಟ್ರು: ನಿನ್ನನ್ನು ಕೂರಿಸಿತು. ಅವ್ವನ ಜಾಗದಲ್ಲಿದ್ದವರು ಎಲ್ಲಿದ್ದಾರೆ? ನಿನ್ನ ಪ್ಲಾಸ್ಟಿಕ್ ಚೀಲದ ಮಣ್ಣು ಯಾರು ತುಳಿದದ್ದು ಅಂದೆನಲ್ಲ, ನನ್ನ ತಮ್ಮನ ಹೆಂಡತಿ. ತಮ್ಮ ಹೋಗಿ ಆರು ವರ್ಷವಾಯಿತು. ಅವಳು ದೀಪಾವಳಿಗೆ ಹಣತೆ, ಬೇಸಿಗೆಗೆ ಒಂದಿಷ್ಟು ಮಡಕೆ, ಉಳಿದ ದಿನ ತೋಟದ ಕೆಲಸ. ಶಿಬಿರಕ್ಕೆ ಚೀಲದ ಲೆಕ್ಕದಲ್ಲಿ ಮಣ್ಣು ಹದ ಮಾಡಿ ಕೊಡ್ತಾಳೆ. ಇನ್ನೊಂದು ಮಾತು. ನೀನು ನಾಳೆ ನಿನ್ನ ಊರಲ್ಲಿ ನಾನು ಪಾಟರ್ ಅಂದರೆ ಜನ ಓಹೋ ಅಂತಾರೆ. ನನ್ನ ತಮ್ಮ ನಾನು ಕುಂಬಾರ ಅಂದಾಗ ಜನಕ್ಕೆ ಕೇಳಿಸ್ತಿದ್ದದ್ದು ಜಾತಿ. ಎರಡೂ ಒಂದೇ ಮಾತು ತಾನೇ?

ಹುಡುಗಿ ತಕ್ಷಣ ಉತ್ತರಿಸಲಿಲ್ಲ. ಕಿಂಡಿಯೊಳಗೆ ಕೆಂಪು ತಿಳಿಯಾಗುತ್ತಿತ್ತು. ದೂರದಲ್ಲೆಲ್ಲೋ ಮಿಂಚಿತು, ಗುಡುಗು ಕೇಳಿಸಲಿಲ್ಲ.

ಹುಡುಗಿ: ಒಂದೇ ಮಾತು. ಆದರೆ ಮೇಷ್ಟ್ರೇ, ನಾನು ಈ ಕೆಲಸ ಬಿಟ್ಟು ಹೋದರೆ ಆ ಎರಡು ಮಾತು ಒಂದಾಗುತ್ತಾ? ಬೇರೆ ಬೇರೆ ಮನೆಯವರು ಮಣ್ಣಿಗೆ ಕೈ ಹಾಕಿದಷ್ಟೂ ಅದು ಜಾತಿಯ ಹೆಸರಾಗಿ ಉಳಿಯೋದು ಕಷ್ಟ. ನನಗೆ ಹಾಗನ್ನಿಸುತ್ತೆ.

ಮೇಷ್ಟ್ರು: ಆಗಬಹುದು. ಇಲ್ಲ, ಕಸುಬು ನಿಮ್ಮ ಕಡೆ ಬಂದು ಜಾತಿ ನಮ್ಮ ಕಡೆ ಉಳಿದುಬಿಡಲೂಬಹುದು. ನನ್ನ ಹೆದರಿಕೆ ಅದು.

ಹುಡುಗಿ: ಹಾಗಾಗದಿರೋಕೆ ಏನು ಮಾಡಬೇಕು? ಸರ್ಕಾರ 2018ರಿಂದ ಕರೆಂಟಿನ ತಿಗರಿ ಹಂಚುತ್ತಿದೆ. ಪುತ್ತೂರಲ್ಲಿ ಕುಂಬಾರರದ್ದೇ ಸಹಕಾರ ಸಂಘ ಇದೆ.

ಮೇಷ್ಟ್ರು: ಕರೆಂಟಿನ ತಿಗರಿ ಒಳ್ಳೆಯದೇ. ಕೋಲು ಹಾಕಿ ತಿರುಗಿಸಿ ತಿರುಗಿಸಿ ತಮ್ಮನ ಹೆಗಲು ಬಿದ್ದುಹೋಗಿತ್ತು. ಆದರೆ ತಿಗರಿ ವೇಗವಾದರೆ ಮಡಕೆ ಜಾಸ್ತಿಯಾಗುತ್ತೆ, ಕೊಳ್ಳೋರು ಜಾಸ್ತಿಯಾಗಲ್ಲ.

ಹುಡುಗಿ: ನಿಮ್ಮ ತಮ್ಮನ ಹೆಂಡತಿ ಶಿಬಿರದಲ್ಲಿ ಕಲಿಸಬಹುದಲ್ಲ? ಮಣ್ಣು ಕೊಟ್ಟು ಹೋಗೋದಲ್ಲ, ಟೀಚರಾಗಿ ಕೂತು. ತಟ್ಟೋದನ್ನು ಇಲ್ಲಿ ಯಾರೂ ಕಲಿಸ್ತಿಲ್ಲ.

ಮೇಷ್ಟ್ರು: ಕರೆದೆ. ಇವರೂ ಕರೆದರು. ನನ್ನ ಕೈ ಕೆಲಸಕ್ಕೆ ಮಾತು ಗೊತ್ತಿಲ್ಲ ಭಾವ ಅಂದಳು.

ಹುಡುಗಿ: ಮಾತು ಬೇಡ. ಅವರು ತಟ್ಟಲಿ, ನಾವು ಪಕ್ಕದಲ್ಲಿ ಕೂರ್ತೀವಿ.

ಮೇಷ್ಟ್ರು: ಎಷ್ಟು ದಿನ ಕೂರ್ತೀಯ?

ಹುಡುಗಿ: ಅದಕ್ಕೆ ಈಗಲೇ ಸುಳ್ಳು ಹೇಳಲ್ಲ ಮೇಷ್ಟ್ರೇ. ನನಗೆ ಕೆಲಸ ಇದೆ, ಮನೆ ಸಾಲ ಇದೆ. ತಿಂಗಳಿಗೆ ಎರಡು ದಿನ ಅಂತ ಹೇಳಬಲ್ಲೆ.

ಮೇಷ್ಟ್ರು: ಎರಡು ದಿನ. ಅವ್ವನಿಗೆ ನಲವತ್ತು ವರ್ಷ ಹಿಡಿಯಿತು. ಇರಲಿ, ಸೌದೆ ಕೊಡು. ಈಗ ಸಣ್ಣ ಸೀಳು, ಬೇಗ ಬೇಗ. ಕಿಂಡಿ ನೋಡ್ತಾ ಇರು, ಬಣ್ಣ ನೀನೇ ಹೇಳಬೇಕು. ಮೀಟರ್ ನೋಡಬೇಡ.

ಅವಳು 'ಕಿತ್ತಳೆ' ಎಂದು ಕೂಗಿದಾಗ ಕೋಳಿ ಕೂಗುವ ಹೊತ್ತು. ಮೇಷ್ಟ್ರು ಇನ್ನೂ ಇಲ್ಲ ಎಂದರು. ಎರಡನೇ ಸಲ ಕೂಗಿದಾಗ ತಾವೂ ನೋಡಿ, ಏನೂ ಹೇಳದೆ ಒಲೆಬಾಯಿಗೆ ಇಟ್ಟಿಗೆ ಇಟ್ಟು ಕೆಸರು ಮೆತ್ತಿದರು. ಶಿಬಿರದವರು ಮಧ್ಯಾಹ್ನ ಊಟ ಮಾಡಿ ಹೊರಟುಹೋದರು. ಆವಿಗೆಯ ಗೋಡೆಗೆ ಅಂಗೈ ಇಡುವಂತಾದದ್ದು ಮಾರನೆಯ ದಿನ ಬಿಸಿಲೇರಿದ ಮೇಲೆ. ಅಷ್ಟರಲ್ಲಿ ಮೇಷ್ಟ್ರ ತಮ್ಮನ ಹೆಂಡತಿ ಬಂದಿದ್ದರು. ಅಡಿಯ ಸಾಲಿನಲ್ಲಿ ಅವರ ಹತ್ತು ಮಡಕೆಗಳೂ ಇದ್ದವು. ಒಂದೊಂದನ್ನೇ ಎತ್ತಿ ಬೆರಳ ಗೆಣ್ಣಿನಲ್ಲಿ ತಟ್ಟಿ ಕಿವಿಗೆ ಹಿಡಿದು ಕೆಳಗಿಟ್ಟರು. ಎಂಟು ಸರಿ, ಎರಡು ಒಡಕುದನಿ. ಹುಡುಗಿಯ ಆರು ಬಟ್ಟಲುಗಳನ್ನೂ ಹಾಗೇ ತಟ್ಟಿದರು.

'ಅಡಿ ದಪ್ಪ' ಎಂದರು. 'ಇದು ಸೀಳಿದೆ. ಉಳಿದದ್ದು ಆಯ್ತು.'

ಹುಡುಗಿ ಸೀಳಿದ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಕಣದ ಮೇಲೆ ದಪ್ಪ ಹನಿಗಳು ಬಿದ್ದವು. ಬಿಸಿ ಇಟ್ಟಿಗೆಯ ಮೇಲೆ ಚುರ್ರೆಂದವು. ತೋಟದ ಮನೆಯಲ್ಲಿ ಯಾರೋ ಸಂತೋಷಕ್ಕೆ ಕೂಗಿದರು. ಮೂವರೂ ಮಡಕೆ ಬಟ್ಟಲುಗಳನ್ನು ಮಡಿಲಿಗೆ, ಕಂಕುಳಿಗೆ ಸೇರಿಸಿಕೊಂಡು ಗೋದಾಮಿನ ಸೂರಿಗೆ ಓಡಿದರು. ಸೀಳಿದ ಬಟ್ಟಲು ಕಣದಲ್ಲೇ, ಬಾಯಿ ಮೇಲಾಗಿ ಉಳಿಯಿತು.

ಮೇಷ್ಟ್ರು: ಅದು ಒಳಗಿನ ತನಕ ಸೀಳಿದೆ ಕಣಮ್ಮ. ನೀರು ನಿಲ್ಲಲ್ಲ.

ಹುಡುಗಿ: ಇರಿ ಮೇಷ್ಟ್ರೇ, ನೋಡೋಣ.